ಕೈಗೆ ಒಗ್ಗುವ ವಸ್ತು, ಬಾಳಿಕೆ ಬರುವ ವ್ಯಾಪಾರ

ಮಣ್ಣಿನ ಗಡಿಗೆಯನ್ನು ಕೊಳ್ಳುವ ಗೃಹಿಣಿ ಮೊದಲು ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಾಳೆ; ಅಂಚನ್ನು ಸವರಿ, ಕಂಠವನ್ನು ಹಿಡಿದೆತ್ತಿ, ಆ ಬಳಿಕವಷ್ಟೇ ಬೆಲೆ ಕೇಳುತ್ತಾಳೆ. ವಿದ್ಯುನ್ಮಾನ ಸಾಧನಗಳ ಮಳಿಗೆಯಲ್ಲಿಯೂ ನಡೆಯುವುದು ಬಹುಮಟ್ಟಿಗೆ ಇದೇ. ಒಂದೇ ಪ್ರೊಸೆಸರ್, ಒಂದೇ ಮೆಮೊರಿ, ಹೆಚ್ಚುಕಡಿಮೆ ಒಂದೇ ಬೆಲೆಯ ಎರಡು ಲ್ಯಾಪ್‌ಟಾಪ್‌ಗಳು ಮೇಜಿನ ಮೇಲಿದ್ದರೆ, ಗ್ರಾಹಕನು ಮುಚ್ಚಳವನ್ನು ತೆರೆದು ಮುಚ್ಚಿ, ಕೀಲಿಗಳ ಮೇಲೆ ಬೆರಳಾಡಿಸಿ, ಒಂದನ್ನು ಆರಿಸಿಕೊಳ್ಳುತ್ತಾನೆ. ಕಾರಣ ಕೇಳಿದರೆ ‘ಇದು ಕೈಗೆ ಒಗ್ಗುತ್ತದೆ’ ಎನ್ನುತ್ತಾನೆ. ಈ ಒಗ್ಗುವಿಕೆಯನ್ನು ಸಾಧಿಸುವ ಶಾಸ್ತ್ರಕ್ಕೆ ಕೈಗಾರಿಕಾ ವಿನ್ಯಾಸವೆಂದು ಹೆಸರು.

ನಮ್ಮ ಸಣ್ಣ ಉದ್ದಿಮೆಗಳಲ್ಲಿ ವಿನ್ಯಾಸವೆಂದರೆ ಬಣ್ಣ, ಸ್ಟಿಕ್ಕರ್ ಮತ್ತು ರಟ್ಟಿನ ಪೆಟ್ಟಿಗೆಯ ಅಲಂಕಾರ ಎಂಬ ಭಾವನೆ ಇನ್ನೂ ಬಲವಾಗಿದೆ. ಸರಕು ಸಿದ್ಧವಾದ ಮೇಲೆ, ಕೊನೆಯ ಘಳಿಗೆಯಲ್ಲಿ ಅದರ ನೆನಪಾಗುತ್ತದೆ. ಫಲವಾಗಿ ‘ಮೇಲೆ ಥಳಕು, ಒಳಗೆ ಹುಳುಕು’ ಎಂಬ ಮಾತಿಗೆ ಎಷ್ಟೋ ಉತ್ಪನ್ನಗಳು ನಿದರ್ಶನವಾಗುತ್ತವೆ. ಬೆಲೆಯೊಂದನ್ನೇ ನೆಚ್ಚಿಕೊಂಡ ತಯಾರಕನಿಗೆ ನೆಮ್ಮದಿ ಇಲ್ಲ; ಅವನಿಗಿಂತ ಹತ್ತು ರೂಪಾಯಿ ಕಡಿಮೆಗೆ ಮಾರುವ ಇನ್ನೊಬ್ಬನು ಇಂದಲ್ಲ ನಾಳೆ ಬಂದೇ ಬರುತ್ತಾನೆ. ವಿಚಾರಪೂರ್ಣ ವಿನ್ಯಾಸವು ಈ ಇಕ್ಕಟ್ಟಿನಿಂದ ಪಾರಾಗುವ ಒಂದು ದಾರಿಯಾಗಬಲ್ಲದೇ ಎಂಬುದನ್ನು ಲ್ಯಾಪ್‌ಟಾಪ್ ಹಾಗೂ ನಿತ್ಯಬಳಕೆಯ ಕೆಲವು ಸಾಧನಗಳ ಇತಿಹಾಸದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸ್ಥಳ ಬದಲಿಸಿದ ಕೀಲಿಮಣೆ

ಮಡಚುವ ಪರದೆಯ ಲ್ಯಾಪ್‌ಟಾಪ್‌ಗೆ ಮೊದಲ ರೂಪ ಕೊಟ್ಟವರಲ್ಲಿ ಬ್ರಿಟಿಷ್ ವಿನ್ಯಾಸಕಾರ ಬಿಲ್ ಮೊಗ್ರಿಜ್ ಪ್ರಮುಖರು. ಅವರು ರೂಪಿಸಿದ ‘ಗ್ರಿಡ್ ಕಂಪಾಸ್’ 1982ರಲ್ಲಿ ಮಾರುಕಟ್ಟೆಗೆ ಬಂದಿತು. ಪರದೆಯನ್ನು ಕೀಲಿಮಣೆಯ ಮೇಲೆ ಮಡಚಿದರೆ ಎರಡಕ್ಕೂ ರಕ್ಷಣೆ ದೊರೆಯುತ್ತದೆ, ಚೀಲದಲ್ಲಿಟ್ಟು ಒಯ್ಯಲೂ ಅನುಕೂಲ ಎಂಬ ಆ ಸರಳ ವಿಚಾರವೇ ಇಂದಿಗೂ ಲ್ಯಾಪ್‌ಟಾಪಿನ ಆಕಾರವನ್ನು ನಿರ್ಧರಿಸುತ್ತಿದೆ.

ಆದರೂ ಆ ದಶಕದ ಲ್ಯಾಪ್‌ಟಾಪ್‌ಗಳಲ್ಲಿ ಒಂದು ಕೊರತೆ ಉಳಿದಿತ್ತು. ಕೀಲಿಮಣೆ ಮುಂಭಾಗದ ಅಂಚಿಗೇ ಇರುತ್ತಿದ್ದುದರಿಂದ ಬೆರಳಚ್ಚಿಸುವವನ ಮುಂಗೈಗೆ ಆಧಾರವೇ ಇರಲಿಲ್ಲ. 1991ರಲ್ಲಿ ಆಪಲ್ ಸಂಸ್ಥೆಯ ‘ಪವರ್‌ಬುಕ್’ ಕೀಲಿಮಣೆಯನ್ನು ಹಿಂದಕ್ಕೆ, ಪರದೆಯ ಬುಡಕ್ಕೆ ಸರಿಸಿತು. ಮುಂದೆ ತೆರವಾದ ಜಾಗದ ನಡುವೆ, ಪರದೆಯ ಮೇಲಿನ ಬಾಣವನ್ನು ನಡೆಸುವ ಗುಂಡನ್ನು ಇರಿಸಲಾಯಿತು. ಅದರ ಎರಡೂ ಬದಿ ಅಂಗೈ ಊರಲು ಸ್ಥಳವಾಯಿತು. ಇತರ ತಯಾರಕರೂ ಕ್ರಮೇಣ ಇದೇ ಜೋಡಣೆಯನ್ನು ಅನುಸರಿಸಿದರು.

ಇಲ್ಲಿ ನಮ್ಮ ಉದ್ದಿಮೆದಾರರು ಗಮನಿಸಬೇಕಾದ ಅಂಶವೊಂದಿದೆ. ಕೀಲಿಮಣೆಯನ್ನು ಹಿಂದಕ್ಕೆ ಸರಿಸಲು ಹೊಸ ಆವಿಷ್ಕಾರವಾಗಲಿ ದುಬಾರಿ ಲೋಹವಾಗಲಿ ಬೇಕಾಗಲಿಲ್ಲ. ಇದ್ದ ಭಾಗಗಳ ಸ್ಥಾನ ಬದಲಾಯಿತು, ಅಷ್ಟೇ. ಬೇಕಾದದ್ದು ಕೆಲಸ ಮಾಡುವವನ ಕೈಯನ್ನು ತಾಳ್ಮೆಯಿಂದ ಗಮನಿಸುವ ಕಣ್ಣು.

ಕಪ್ಪು ಪೆಟ್ಟಿಗೆ, ಕೆಂಪು ಚುಕ್ಕೆ

ಮರುವರ್ಷ, ಅಂದರೆ 1992ರ ಅಕ್ಟೋಬರಿನಲ್ಲಿ ಐಬಿಎಂ ಸಂಸ್ಥೆಯು ‘ಥಿಂಕ್‌ಪ್ಯಾಡ್ 700ಸಿ’ಯನ್ನು ಬಿಡುಗಡೆ ಮಾಡಿತು. ಅದರ ರೂಪಕ್ಕೆ ಕಾರಣರು ಜರ್ಮನಿಯಲ್ಲಿ ಹುಟ್ಟಿ ಇಟಲಿಯ ಮಿಲಾನ್ ನಗರದಲ್ಲಿ ನೆಲೆಸಿದ್ದ ರಿಚರ್ಡ್ ಸ್ಯಾಪರ್. ಜಪಾನಿನ ಯಮಾಟೊ ಪ್ರಯೋಗಾಲಯದ ತಂತ್ರಜ್ಞರು ಅದನ್ನು ಕಾರ್ಯರೂಪಕ್ಕೆ ತಂದರು. ಹೊರಗಿನಿಂದ ಸಾದಾ ಕಪ್ಪು ಪೆಟ್ಟಿಗೆ. ಮುಚ್ಚಳ ತೆರೆದಾಗಲೇ ಒಳಗಿನ ಸಂಪತ್ತು ಕಾಣಬೇಕು ಎಂಬುದು ಕಲ್ಪನೆ. ಜಪಾನಿನ ಬುತ್ತಿಪೆಟ್ಟಿಗೆಯಲ್ಲಿ ಅನ್ನ, ಪಲ್ಯ, ಉಪ್ಪಿನಕಾಯಿ ತಮ್ಮ ತಮ್ಮ ಅಂಕಣಗಳಲ್ಲಿ ಅಚ್ಚುಕಟ್ಟಾಗಿ ಕುಳಿತಿರುವಂತೆ ಇದರ ಭಾಗಗಳೂ ಕುಳಿತಿದ್ದವು. ಕಚೇರಿಯ ಕಂಪ್ಯೂಟರ್‌ಗಳೆಲ್ಲ ಬಹುತೇಕ ತಿಳಿ ಬೂದುಬಣ್ಣದಲ್ಲಿದ್ದ ಕಾಲದಲ್ಲಿ ಈ ಗಂಭೀರ ಕಪ್ಪು ಎದ್ದು ಕಂಡಿತು.

ಕೀಲಿಮಣೆಯ ನಡುವೆ ಒಂದೇ ಒಂದು ಕೆಂಪು ಚುಕ್ಕೆ. ಅದು ಅಲಂಕಾರಕ್ಕಾಗಿ ಬಂದದ್ದಲ್ಲ. ಕೈಯನ್ನು ಕೀಲಿಮಣೆಯಿಂದ ಎತ್ತಿ ಮೌಸ್‌ವರೆಗೆ ಒಯ್ದು ಮರಳಿ ತರುವುದರಲ್ಲಿ ವ್ಯರ್ಥವಾಗುವ ಸಮಯವನ್ನು ಗಮನಿಸಿದ ಸಂಶೋಧಕ ಟೆಡ್ ಸೆಲ್ಕರ್, ಕೀಲಿಗಳ ನಡುವೆಯೇ ಬೆರಳ ತುದಿಯಿಂದ ಒತ್ತಿ ನಡೆಸುವ ಪುಟ್ಟ ಗುಬಟನ್ನು ಅಭಿವೃದ್ಧಿಪಡಿಸಿದ್ದರು. ಎಲ್ಲವೂ ಕಪ್ಪಾಗಿರುವಲ್ಲಿ ಅದು ಕೆಂಪಾಗಿದ್ದರೆ, ಹೇಳಿಕೊಡುವವರಿಲ್ಲದೆಯೇ ಬೆರಳು ಅಲ್ಲಿಗೆ ಹೋಗುತ್ತದೆ. ಬಣ್ಣವೂ ಕೆಲಸ ಮಾಡಬೇಕು ಎಂಬ ತತ್ತ್ವಕ್ಕೆ ಇದಕ್ಕಿಂತ ಸರಳ ಉದಾಹರಣೆ ದೊರೆಯುವುದು ಕಷ್ಟ.

ಥಿಂಕ್‌ಪ್ಯಾಡಿನ ಅನೇಕ ಮಾದರಿಗಳಲ್ಲಿ ಕೀಲಿಮಣೆಯ ಮೇಲೆ ಚೆಲ್ಲಿದ ನೀರು ಒಳಗಿನ ಮಂಡಲಗಳನ್ನು ಮುಟ್ಟದೆ ತಳದಿಂದ ಹರಿದುಹೋಗಲು ಕಿಂಡಿಗಳಿದ್ದವು. ಯಾವ ಸ್ಕ್ರೂ ಬಿಚ್ಚಿದರೆ ಯಾವ ಭಾಗ ಹೊರಬರುತ್ತದೆ ಎಂಬುದನ್ನು ಚಿತ್ರಸಹಿತ ವಿವರಿಸುವ ದುರಸ್ತಿ ಕೈಪಿಡಿಗಳು ಎಲ್ಲರಿಗೂ ಮುಕ್ತವಾಗಿ ದೊರೆಯುತ್ತಿದ್ದವು. ಇಂತಹ ಕಾಳಜಿಯ ಬೆಲೆ ಲೆಕ್ಕಪುಸ್ತಕದಲ್ಲಿಯೂ ಕಾಣಿಸುತ್ತದೆ. 2005ರಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್ ವಿಭಾಗವನ್ನು ಚೀನಾದ ಲೆನೊವೊ ಸಂಸ್ಥೆಗೆ ಹಸ್ತಾಂತರಿಸಿತು. ಮಾಲೀಕರು ಬದಲಾದರು, ಕಪ್ಪು ಪೆಟ್ಟಿಗೆಯೂ ಕೆಂಪು ಚುಕ್ಕೆಯೂ ಉಳಿದವು. 2017ರಲ್ಲಿ 25 ವರ್ಷ ತುಂಬಿದ ನೆನಪಿಗೆ ಲೆನೊವೊ ಹೊರತಂದ ವಿಶೇಷ ಮಾದರಿಯಲ್ಲಿ, ಹಳೆಯ ಗ್ರಾಹಕರು ಮೆಚ್ಚಿದ್ದ ಏಳು ಸಾಲಿನ ಕೀಲಿಮಣೆ ಮರಳಿ ಬಂದಿತು. ಕೀಲಿಮಣೆಯೊಂದನ್ನು ಗ್ರಾಹಕರು ಅಷ್ಟು ಕಾಲ ನೆನಪಿಟ್ಟುಕೊಂಡಿದ್ದರು ಎಂಬುದನ್ನು ವ್ಯಾಪಾರಿಗಳು ಮನಗಾಣಬೇಕು.

ಅಡುಗೆಮನೆಯಿಂದ ಬಂದ ಉಪಾಯ

ನಡೆಯುವವರ ಕಾಲಿಗೆ ತಂತಿ ತೊಡರಿ ಲ್ಯಾಪ್‌ಟಾಪ್ ನೆಲಕ್ಕೆ ಬೀಳುವುದು ಎಲ್ಲ ಕಚೇರಿಗಳಿಗೂ ಪರಿಚಿತವಾದ ಅನಾಹುತ. 2006ರಲ್ಲಿ ಆಪಲ್ ತನ್ನ ಲ್ಯಾಪ್‌ಟಾಪ್‌ಗಳಿಗೆ ಅಯಸ್ಕಾಂತದಿಂದ ಅಂಟಿಕೊಳ್ಳುವ ಚಾರ್ಜರ್ ಪಿನ್ನನ್ನು ಅಳವಡಿಸಿತು. ತಂತಿಯನ್ನು ಯಾರಾದರೂ ಎಳೆದರೆ ಪಿನ್ ತಾನಾಗಿ ಕಳಚಿಕೊಳ್ಳುತ್ತದೆ. ಯಂತ್ರ ಇದ್ದಲ್ಲಿಯೇ ಇರುತ್ತದೆ. ಈ ಉಪಾಯ ಹೊಸದೇನಲ್ಲ. ಜಪಾನಿನಲ್ಲಿ ಬಿಸಿನೀರಿನ ವಿದ್ಯುತ್ ಪಾತ್ರೆಗಳು ಉರುಳಿ ಮಕ್ಕಳಿಗೆ ಸುಟ್ಟ ಗಾಯವಾಗದಿರಲೆಂದು ಇಂತಹ ಅಯಸ್ಕಾಂತದ ತಂತಿಗಳನ್ನು ಮೊದಲೇ ಬಳಸಲಾಗುತ್ತಿತ್ತು. ಒಂದು ಕ್ಷೇತ್ರದ ಅನುಭವವನ್ನು ಇನ್ನೊಂದಕ್ಕೆ ಒಯ್ಯುವುದು ಉತ್ತಮ ವಿನ್ಯಾಸಕಾರನ ಲಕ್ಷಣ. 2016ರಿಂದ ಕೆಲವು ವರ್ಷ ಆಪಲ್ ಈ ಸೌಲಭ್ಯವನ್ನು ಹೊಸ ಮಾದರಿಗಳಿಂದ ಕೈಬಿಟ್ಟು, 2021ರಲ್ಲಿ ಪುನಃ ಅಳವಡಿಸಿತು.

ತೆಳುವಿನ ಮೋಹ ತಂದ ನಷ್ಟ

ನೋಟಕ್ಕಾಗಿ ಉಪಯೋಗವನ್ನು ಬಲಿಗೊಟ್ಟರೆ ಏನಾಗುತ್ತದೆ ಎಂಬುದಕ್ಕೂ ಅದೇ ಸಂಸ್ಥೆ ಪಾಠ ಒದಗಿಸಿದೆ. 2015ರಲ್ಲಿ ಲ್ಯಾಪ್‌ಟಾಪನ್ನು ಮತ್ತಷ್ಟು ತೆಳುಗೊಳಿಸುವ ಸಲುವಾಗಿ ಕೀಲಿಗಳ ಅಡಿಯಲ್ಲಿ ‘ಚಿಟ್ಟೆ’ ಎಂಬ ಹೆಸರಿನ ಹೊಸ ಯಾಂತ್ರಿಕ ವ್ಯವಸ್ಥೆಯನ್ನು ತರಲಾಯಿತು. ಧೂಳಿನ ಕಣ ಹೊಕ್ಕರೆ ಕೀಲಿ ಕಚ್ಚಿಕೊಳ್ಳುತ್ತದೆ ಅಥವಾ ಒಂದೇ ಅಕ್ಷರ ಎರಡು ಬಾರಿ ಮೂಡುತ್ತದೆ ಎಂಬ ದೂರುಗಳು ಹೆಚ್ಚಿದವು. ಕೀಲಿಮಣೆಯು ಮೇಲ್ಕವಚ ಹಾಗೂ ಬ್ಯಾಟರಿಯೊಂದಿಗೆ ಒಂದಾಗಿ ಬೆಸೆದುಕೊಂಡಿದ್ದುದರಿಂದ ಸಣ್ಣ ದೋಷಕ್ಕೂ ದೊಡ್ಡ ಭಾಗವನ್ನೇ ಬದಲಿಸಬೇಕಾಗುತ್ತಿತ್ತು. 2018ರಲ್ಲಿ ಉಚಿತ ದುರಸ್ತಿಯ ಯೋಜನೆ ಘೋಷಣೆಯಾಯಿತು. 2019ರ ಕೊನೆಯಿಂದ ಹಳೆಯ ಬಗೆಯ ಕೀಲಿಗಳು ಮರಳತೊಡಗಿದವು. 2022ರಲ್ಲಿ ಅಮೆರಿಕದ ಗ್ರಾಹಕರ ಮೊಕದ್ದಮೆಯನ್ನು 5 ಕೋಟಿ ಡಾಲರ್‌ಗೆ ಇತ್ಯರ್ಥಪಡಿಸಲು ಸಂಸ್ಥೆ ಒಪ್ಪಿತು. ದೈತ್ಯ ಸಂಸ್ಥೆ ಇಂತಹ ಪೆಟ್ಟನ್ನು ತಾಳಿಕೊಂಡೀತು. ಇಪ್ಪತ್ತು ಕೆಲಸಗಾರರ ಘಟಕ ತಾಳಲಾರದು.

ನಮ್ಮ ನೆಲದ ನಿದರ್ಶನ

ಇವೆಲ್ಲ ಪರದೇಶದ ಮಾತಾಯಿತು ಎನ್ನುವವರು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯತ್ತ ನೋಡಬಹುದು. ಅಲ್ಲಿ ತಯಾರಾಗುವ ವಿದ್ಯುನ್ಮಾನ ಮತಯಂತ್ರವನ್ನು ನಾವೆಲ್ಲರೂ ಬಳಸಿದ್ದೇವೆ. ಅದೊಂದು ವಿನ್ಯಾಸವೆಂದು ಯೋಚಿಸಿದವರು ವಿರಳ. 1982ರಲ್ಲಿ ಕೇರಳದ ಪರವೂರಿನಲ್ಲಿ ಮತಯಂತ್ರದ ಮೊದಲ ಪ್ರಯೋಗ ನಡೆಯಿತು. ಈಗ ನಾವು ಕಾಣುವ ರೂಪವನ್ನು ಮುಂಬಯಿಯ ಐಐಟಿಯ ಕೈಗಾರಿಕಾ ವಿನ್ಯಾಸ ಕೇಂದ್ರದ ವಿನ್ಯಾಸಕಾರರು ರೂಪಿಸಿದರು. ಕಾಗದದ ಮತಪತ್ರದಲ್ಲಿದ್ದಂತೆಯೇ ಹೆಸರು, ಎದುರಿಗೆ ಚಿಹ್ನೆ, ಅದರ ಪಕ್ಕದಲ್ಲಿ ನೀಲಿ ಗುಂಡಿ. ಒತ್ತಿದೊಡನೆ ಕೆಂಪು ದೀಪ ಹೊತ್ತಿ, ಉದ್ದನೆಯ ಬೀಪ್ ಸದ್ದು ಕೇಳುತ್ತದೆ. ಕಣ್ಣಿಗೊಂದು, ಕಿವಿಗೊಂದು ಸಾಕ್ಷಿ. ಯಂತ್ರ ಬ್ಯಾಟರಿಯಿಂದ ನಡೆಯುವುದರಿಂದ ವಿದ್ಯುತ್ತಿಲ್ಲದ ಮತಗಟ್ಟೆಯಲ್ಲಿಯೂ ಕೆಲಸ ಕೆಡುವುದಿಲ್ಲ. 2004ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ 543 ಕ್ಷೇತ್ರಗಳಲ್ಲಿಯೂ ಇದನ್ನು ಬಳಸಲಾಯಿತು. ಅಕ್ಷರ ಬಾರದ ಮತದಾರನೂ ಕೆಲವೇ ಕ್ಷಣಗಳಲ್ಲಿ ತಪ್ಪಿಲ್ಲದೆ ನಡೆಸಬಲ್ಲ ಯಂತ್ರವನ್ನು ರೂಪಿಸಿದುದು ಸಾಮಾನ್ಯ ಸಾಧನೆಯಲ್ಲ.

ಸಣ್ಣ ಘಟಕಗಳು ಮಾಡಬಹುದಾದುದು

ಸ್ಟೆಬಿಲೈಜರ್, ಬ್ಯಾಟರಿ ಚಾರ್ಜರ್, ಎಮರ್ಜೆನ್ಸಿ ಲ್ಯಾಂಪ್, ಯುಪಿಎಸ್ ಮೊದಲಾದವುಗಳನ್ನು ತಯಾರಿಸುವ ನಮ್ಮ ಘಟಕಗಳು ದೊಡ್ಡ ವೆಚ್ಚವಿಲ್ಲದೆ ಕೈಗೊಳ್ಳಬಹುದಾದ ಕ್ರಮಗಳು ಹಲವಿವೆ.

1. ರಿಪೇರಿಗೆ ಮರಳಿದ ಸರಕಿಗೆ ಪ್ರತ್ಯೇಕ ಪುಸ್ತಕವಿಡಿ. ಯಾವ ಭಾಗ, ಎಷ್ಟು ದಿನಕ್ಕೆ, ಯಾವ ಕಾರಣದಿಂದ ಕೆಟ್ಟಿತು ಎಂದು ಬರೆಯಿರಿ. ವಿನ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಠ್ಯವಿಲ್ಲ.

2. ಮೋಲ್ಡ್‌ಗೆ ಆರ್ಡರ್ ಕೊಡುವ ಮುನ್ನ ಥರ್ಮೋಕೋಲ್, ರಟ್ಟು ಅಥವಾ ತ್ರೀಡಿ ಪ್ರಿಂಟಿಂಗ್‌ನಿಂದ ಪ್ರತಿಕೃತಿ ಮಾಡಿ, ನಿಜವಾದ ತೂಕವನ್ನು ಒಳಗಿಟ್ಟು, ಬಳಸುವವರ ಕೈಗೆ ಕೊಡಿ. ಮೋಲ್ಡ್‌ನ ಉಕ್ಕನ್ನು ಮತ್ತಷ್ಟು ಕೊರೆಯುವುದು ಸುಲಭ. ಹೆಚ್ಚು ಕೊರೆದುದನ್ನು ವೆಲ್ಡಿಂಗ್ ಮಾಡಿ ತುಂಬುವುದು ದುಬಾರಿ. ಪ್ರತಿಕೃತಿಯ ಹಂತದಲ್ಲಿ ಕಂಡ ದೋಷವೇ ಅಗ್ಗದ ದೋಷ.

3. ತಂತಿ ಕವಚವನ್ನು ಸೇರುವ ಜಾಗವೇ ಮೊದಲು ತುಂಡಾಗುವ ಜಾಗ. ಅಲ್ಲಿ ಬಾಗುವ ರಬ್ಬರ್ ಹಿಡಿಕೆ, ಒಳಗೆ ಬಿಗಿಯಾದ ಕ್ಲ್ಯಾಂಪ್ ಇದ್ದರೆ ದೂರುಗಳ ಒಂದು ದೊಡ್ಡ ಪಾಲು ತಪ್ಪುತ್ತದೆ.

4. ಅಂಟು ಹಾಕಿ ಮುಚ್ಚುವುದರ ಬದಲು, ಸಾಮಾನ್ಯ ಸ್ಕ್ರೂಡ್ರೈವರಿನಿಂದ ಬಿಚ್ಚಬಹುದಾದ ಜೋಡಣೆ ಇರಲಿ. ಪದೇಪದೇ ಬಿಚ್ಚುವ ಕಡೆ ಪ್ಲಾಸ್ಟಿಕ್ಕಿನೊಳಗೆ ಹಿತ್ತಾಳೆಯ ಇನ್ಸರ್ಟ್ ಕೂರಿಸಿದರೆ ಮರೆ ಸವೆಯುವುದಿಲ್ಲ.

5. ಸ್ವಿಚ್ ಮತ್ತು ದೀಪಗಳ ಗುರುತನ್ನು ಸ್ಟಿಕ್ಕರಿನಲ್ಲಿ ಹಚ್ಚುವ ಬದಲು ಮೋಲ್ಡ್‌ನಲ್ಲಿಯೇ ಕೆತ್ತಿಸಿರಿ. ಖರ್ಚು ಒಮ್ಮೆ ಮಾತ್ರ. ಗುರುತು ವಸ್ತು ಇರುವವರೆಗೂ ಅಳಿಯದು.

ವ್ಯಾಪಾರಿ ಬಂಧುಗಳೂ ಸರಕು ಆರಿಸುವಾಗ ಇವೇ ಅಂಶಗಳನ್ನು ಪರೀಕ್ಷಿಸಬಹುದು. ಕೀಲನ್ನು ಹಲವು ಬಾರಿ ತೆರೆದು ಮುಚ್ಚಿ, ತಂತಿಯ ಬುಡವನ್ನು ಬಾಗಿಸಿ, ಬಿಡಿಭಾಗ ದೊರೆಯುವುದೇ ಎಂದು ವಿಚಾರಿಸಿ ಕೊಂಡ ಸರಕು ಅಂಗಡಿಗೆ ದೂರಾಗಿ ಮರಳುವ ಸಂಭವ ಕಡಿಮೆ.

ನೆರವು ಮತ್ತು ರಕ್ಷಣೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉತ್ಪನ್ನ ವಿನ್ಯಾಸವನ್ನು ಬೋಧಿಸುವ ವಿಭಾಗವಿದೆ. ತುಮಕೂರು ರಸ್ತೆಯ ಸಮೀಪದಲ್ಲಿಯೇ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಆವರಣವಿದೆ. ಪೀಣ್ಯದ ಉದ್ದಿಮೆದಾರರಿಗಂತೂ ಇದು ಹಿತ್ತಲಿನ ಗಿಡವಿದ್ದಂತೆ; ಮದ್ದಾಗಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಹೊಸ ರೂಪಕ್ಕೆ 2000ದ ವಿನ್ಯಾಸ ಕಾಯ್ದೆಯಡಿ ನೋಂದಣಿ ಪಡೆಯಬಹುದು. ಹಕ್ಕಿನ ಅವಧಿ ಮೊದಲಿಗೆ 10 ವರ್ಷ. ಶುಲ್ಕ ಕಟ್ಟಿ ಇನ್ನೂ 5 ವರ್ಷ ವಿಸ್ತರಿಸಬಹುದು. ಕಣ್ಣಿಗೆ ಕಾಣುವ ಹೊರರೂಪಕ್ಕೆ ಮಾತ್ರ ಈ ರಕ್ಷಣೆ. ಯಂತ್ರ ಕೆಲಸ ಮಾಡುವ ವಿಧಾನಕ್ಕೆ ಪೇಟೆಂಟ್ ಬೇರೆ. ವಿನ್ಯಾಸವು ಹೊಸದಾಗಿರಬೇಕು, ಅರ್ಜಿಗೆ ಮೊದಲು ಪ್ರಕಟವಾಗಿರಬಾರದು. ಆದುದರಿಂದ ವಸ್ತುಪ್ರದರ್ಶನದಲ್ಲಿ ಮಳಿಗೆ ಹಾಕುವುದಕ್ಕೂ ಕ್ಯಾಟಲಾಗ್ ಹಂಚುವುದಕ್ಕೂ ಮುನ್ನವೇ ಅರ್ಜಿ ಸಲ್ಲಿಸುವುದು ಕ್ಷೇಮ.

ಬೆಲೆಯ ಪೈಪೋಟಿಯನ್ನು ಯಾರೂ ತಪ್ಪಿಸಲಾರರು. ಆದರೆ ಕೈಗೆ ಒಗ್ಗಿದ ವಸ್ತುವನ್ನು ಗ್ರಾಹಕನು ಹತ್ತು ರೂಪಾಯಿಯ ಆಸೆಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಕೆಟ್ಟಾಗ ಬಿಚ್ಚಿ ಸರಿಪಡಿಸಬಹುದೆಂಬ ಭರವಸೆ ಇದ್ದರೆ ಎರಡನೆಯ ಬಾರಿಯೂ ಅದೇ ಹೆಸರನ್ನು ಹೇಳಿ ಕೇಳುತ್ತಾನೆ. ಮುಂದಿನ ಮೋಲ್ಡ್‌ಗೆ ಮುಂಗಡ ಕೊಡುವ ಮೊದಲು ಸದಸ್ಯ ಮಿತ್ರರು ಒಂದು ದಿನವನ್ನು ತಮ್ಮ ಗ್ರಾಹಕರ ಮನೆಯಲ್ಲೋ ಅಂಗಡಿಯಲ್ಲೋ ಕಳೆದು, ತಮ್ಮ ಸಾಧನವನ್ನು ಅವರು ಹೇಗೆ ಹಿಡಿಯುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂಬುದನ್ನು ಸುಮ್ಮನೆ ನೋಡಲಿ. ಆ ಒಂದು ದಿನದ ಖರ್ಚು ಮೋಲ್ಡ್‌ನ ತಿದ್ದುಪಡಿಯ ಖರ್ಚಿನ ಮುಂದೆ ಲೆಕ್ಕಕ್ಕೂ ಬಾರದು.