‘ಕಾನಸರ್’: ಒಂದು ಶಬ್ದದ ಅರ್ಥವಿಚಾರ

ಆಂಗ್ಲ ಭಾಷೆಯು ಫ್ರೆಂಚಿನಿಂದ ಪಡೆದ ಶಬ್ದಸಂಪತ್ತಿನಲ್ಲಿ ಎರಡು ಪದರಗಳನ್ನು ಕಾಣಬಹುದು. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ತರುವಾಯ ಬಂದ ಕೋರ್ಟ್, ಜಡ್ಜ್, ಬೀಫ್ ಮೊದಲಾದ ಶಬ್ದಗಳು ಶತಮಾನಗಳ ಬಳಕೆಯಲ್ಲಿ ಸವೆದು, ಹೊರಗಿನವೆಂಬುದೇ ಮರೆತುಹೋಗುವಷ್ಟು ಮನೆಯವಾದುವು. 17 ಮತ್ತು 18ನೆಯ ಶತಮಾನಗಳಲ್ಲಿ, ನಡೆನುಡಿಯ ನಾಜೂಕಿಗಾಗಿ ಯುರೋಪಿನ ಶ್ರೀಮಂತವರ್ಗವು ಪ್ಯಾರಿಸ್ಸಿನತ್ತ ಮುಖಮಾಡಿದ್ದಾಗ ಬಂದ ಶಬ್ದಗಳ ರೀತಿ ಬೇರೆ. ಅವುಗಳಲ್ಲಿ ಹಲವು ತಮ್ಮ ಹುಟ್ಟೂರಿನ ಉಡುಪನ್ನು ಕಳಚದೆಯೇ ಉಳಿದುಕೊಂಡುವು. ‘ಕಾನಸರ್’ ಎಂಬುದು ಈ ಎರಡನೆಯ ಪದರಕ್ಕೆ ಸೇರಿದ ಶಬ್ದ.

ಚಿತ್ರ, ಶಿಲ್ಪ, ಸಂಗೀತ, ದ್ರಾಕ್ಷಾರಸ ಮೊದಲಾದವುಗಳ ಪ್ರಸ್ತಾಪ ಬಂದಲ್ಲೆಲ್ಲ ಈ ಶಬ್ದ ಎದುರಾಗುತ್ತದೆ. ಕನ್ನಡದಲ್ಲಿ ಇದನ್ನು ‘ರಸಿಕ’ ಎಂದು ಅನುವಾದಿಸಿ ಮುಂದೆ ಸಾಗುವುದು ಸುಲಭ. ಆದರೆ ಹಾಗೆ ಮಾಡಿದಾಗ ಶಬ್ದದ ತಿರುಳೇ ಕೈತಪ್ಪುತ್ತದೆ. ರಸಿಕನು ಸವಿಯುವವನು, ಕಾನಸರ್ ಎನಿಸಿಕೊಳ್ಳುವವನು ಸವಿಯುವುದರ ಜೊತೆಗೆ ತೀರ್ಪನ್ನೂ ಕೊಡಬಲ್ಲವನು. ಮೆಚ್ಚುಗೆಗೂ ವಿವೇಚನೆಗೂ ನಡುವಣ ಈ ಅಂತರವನ್ನು ಕಾಯ್ದುಕೊಳ್ಳುವುದು ಹೇಗೆಂಬುದೇ ಇಲ್ಲಿನ ಪ್ರಶ್ನೆ.

ಶಬ್ದದ ಮೂಲವನ್ನು ಅರಸಿದರೆ ಲ್ಯಾಟಿನ್ನಿನ ‘ಕಾಗ್ನೋಸ್ಕೆರೆ’ ಎಂಬ ಕ್ರಿಯಾಪದ ದೊರೆಯುತ್ತದೆ. ‘ಅರಿತುಕೊಳ್ಳು’ ಎಂಬುದು ಅದರ ಅರ್ಥ. ಅದರೊಳಗಿನ ‘ಗ್ನೋ’ ಎಂಬ ಧಾತುವೂ ಸಂಸ್ಕೃತದ ‘ಜ್ಞಾ’ ಧಾತುವೂ ಒಂದೇ ಮೂಲದಿಂದ ಬಂದವೆಂಬುದು ತೌಲನಿಕ ಭಾಷಾಶಾಸ್ತ್ರದಲ್ಲಿ ಸಿದ್ಧವಾದ ಸಂಗತಿ. ಆಂಗ್ಲದ ‘ನೋ’ ಎಂಬ ಕ್ರಿಯಾಪದವೂ ಇದೇ ಕುಟುಂಬದ್ದು. ಅದರ ಬರಹದ ಆದಿಯಲ್ಲಿ ಉಚ್ಚಾರವಿಲ್ಲದೆ ನಿಂತಿರುವ ‘ಕೆ’ ಅಕ್ಷರವು ಆ ಹಳೆಯ ಸಂಬಂಧದ ಗುರುತು. ಆದುದರಿಂದ ರಸಜ್ಞ, ಮರ್ಮಜ್ಞ, ತಜ್ಞ ಎಂಬ ಶಬ್ದಗಳ ಕೊನೆಯಲ್ಲಿ ಕಾಣುವ ‘ಜ್ಞ’ಕಾರಕ್ಕೆ ಕಾನಸರ್ ದೂರದ ದಾಯಾದಿ.

ಅರಿವು ಎಂಬುದನ್ನು ಫ್ರೆಂಚ್ ಭಾಷೆ ಎರಡಾಗಿ ವಿಂಗಡಿಸುತ್ತದೆ. ಸಂಗತಿಯನ್ನು ತಿಳಿದಿರುವುದಕ್ಕೆ ‘ಸವ್ವಾರ್’ ಎಂಬ ಕ್ರಿಯಾಪದ. ವ್ಯಕ್ತಿಯನ್ನೋ ಸ್ಥಳವನ್ನೋ ಕೃತಿಯನ್ನೋ ಪರಿಚಯದಿಂದ ಬಲ್ಲುದಕ್ಕೆ ‘ಕೊನೆತ್ರ್’. ಒಂದು ಊರಿನ ಜನಸಂಖ್ಯೆಯನ್ನು ತಿಳಿದಿರುವುದು ಮೊದಲನೆಯದು. ಅದರ ಬೀದಿಗಳಲ್ಲಿ ಓಡಾಡಿ ಊರನ್ನೇ ಬಲ್ಲವನಾಗಿರುವುದು ಎರಡನೆಯದು. ಕಾನಸರ್ ಹುಟ್ಟಿದುದು ಈ ಎರಡನೆಯ ಕ್ರಿಯಾಪದದಿಂದ. ಪುಸ್ತಕವನ್ನೋದಿ ಚಿತ್ರಕಲೆಯ ಇತಿಹಾಸವನ್ನು ಕಂಠಪಾಠ ಮಾಡಿದವನು ವಿದ್ವಾಂಸನಾಗಬಹುದು. ಸಾವಿರಾರು ಚಿತ್ರಗಳ ಮುಂದೆ ನಿಂತು, ಕಣ್ಣನ್ನು ಪಳಗಿಸಿಕೊಂಡವನಿಗೇ ಈ ಹೆಸರು ಸಲ್ಲುತ್ತದೆ.

ಇಂಗ್ಲೆಂಡಿನಲ್ಲಿ ಈ ಶಬ್ದವು ನೆಲೆಯೂರಿದುದು 18ನೆಯ ಶತಮಾನದ ಆದಿಭಾಗದಲ್ಲಿ. ಇಟಲಿಯ ಪ್ರವಾಸದಿಂದ ಮರಳಿದ ಧನಿಕರು ಚಿತ್ರಗಳನ್ನು ಕೊಂಡುತರುತ್ತಿದ್ದ ಕಾಲವದು. ನಕಲನ್ನು ಅಸಲೆಂದು ನಂಬಿ ಹಣ ಕಳೆದುಕೊಳ್ಳುವ ಭಯ ಆಗ ನಿಜವಾದುದೇ ಆಗಿತ್ತು. 1719ರಲ್ಲಿ ಚಿತ್ರಕಾರ ಜೊನಾಥನ್ ರಿಚರ್ಡ್‌ಸನ್ ಈ ವಿಷಯವನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿ, ಇಂಥ ಬಲ್ಲವನ ಕೆಲಸವನ್ನು ಮೂರಾಗಿ ಎಣಿಸಿದನು: ಚಿತ್ರದ ಗುಣದೋಷವನ್ನು ನಿರ್ಣಯಿಸುವುದು, ಅದು ಯಾರ ಕೈಯದೆಂದು ಗುರುತಿಸುವುದು, ಮೂಲವೋ ಪ್ರತಿಯೋ ಎಂದು ಹೇಳುವುದು. ಮೂರರಲ್ಲಿಯೂ ಪರೀಕ್ಷೆಯೇ ಪ್ರಧಾನವೆಂಬುದನ್ನು ಗಮನಿಸಬೇಕು.

ಈ ಪರೀಕ್ಷೆಗೆ ಶಾಸ್ತ್ರದ ಬಿಗಿಯನ್ನು ತರಲೆತ್ನಿಸಿದವನು 19ನೆಯ ಶತಮಾನದ ಇಟಲಿಯ ಜಿಯೋವಾನಿ ಮೊರೆಲ್ಲಿ. ಕಲಾವಿದನು ಮುಖಭಾವವನ್ನು ಎಚ್ಚರದಿಂದ ಬರೆಯುತ್ತಾನೆ, ಕಿವಿ, ಬೆರಳು, ಉಗುರುಗಳನ್ನು ಕೈಯ ಅಭ್ಯಾಸದಿಂದ ಬರೆಯುತ್ತಾನೆ. ಆದುದರಿಂದ ಅವನ ಗುರುತು ಉಳಿಯುವುದು ಇವುಗಳಲ್ಲಿಯೇ ಎಂಬುದು ಅವನ ವಾದ. ಡ್ರೆಸ್ಡೆನ್ ಚಿತ್ರಶಾಲೆಯಲ್ಲಿ, ಟಿಷಿಯನ್ನನ ಕೃತಿಗೆ ಬೇರೊಬ್ಬರು ಮಾಡಿದ ಪ್ರತಿಯೆಂದು ದಾಖಲಾಗಿದ್ದ ನಿದ್ರಿಸುವ ವೀನಸ್ಸಿನ ಚಿತ್ರವು ವಾಸ್ತವದಲ್ಲಿ ಜಾರ್ಜೋನೆಯದೆಂದು ಅವನು 1880ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಪಳಗಿದ ಕಣ್ಣೊಂದು ಮೂಲೆಗೆ ಬಿದ್ದ ಪಟಕ್ಕೆ ಅದರ ಸ್ಥಾನವನ್ನು ಮರಳಿಸಿದುದಕ್ಕೆ ಇದೊಂದು ನಿದರ್ಶನ.

ಗೌರವದ ಶಬ್ದವಿದ್ದಲ್ಲಿ ಅದನ್ನು ಹೊದ್ದುಕೊಳ್ಳುವ ಆಷಾಢಭೂತಿಗಳೂ ಇರುತ್ತಾರೆ. 1754ರಿಂದ 1756ರವರೆಗೆ ಲಂಡನ್ನಿನಲ್ಲಿ ಇದೇ ಹೆಸರಿನ ವಿನೋದಪತ್ರಿಕೆಯೊಂದು ನಡೆಯಿತು. 1761ರಲ್ಲಿ ವಿಲಿಯಂ ಹೊಗಾರ್ತ್ ಕೆತ್ತಿದ ಚಿತ್ರದಲ್ಲಿ ಕಾಲಪುರುಷನು ಪಟವೊಂದರ ಮೇಲೆ ಪೈಪಿನ ಹೊಗೆಯುಗುಳಿ ಅದನ್ನು ಕಪ್ಪಾಗಿಸುತ್ತಿದ್ದಾನೆ. ಹಳತಾಗಿ ಮಸಿಹಿಡಿದುದೆಲ್ಲವೂ ಶ್ರೇಷ್ಠವೆಂದು ಭ್ರಮಿಸುವವರಿಗೆ ಅದು ಚಾಟಿಯೇಟು. ಇಂದಿಗೂ ಆಂಗ್ಲದಲ್ಲಿ ಈ ಶಬ್ದವನ್ನು ಅಸ್ಥಾನದಲ್ಲಿ ಬಳಸಿದರೆ ಹೊಗಳಿಕೆಯು ವ್ಯಂಗ್ಯವಾಗಿ ಕೇಳಿಸುವುದುಂಟು.

ಬರವಣಿಗೆಯ ವಿಷಯದಲ್ಲಿಯೂ ಒಂದು ಸ್ವಾರಸ್ಯವಿದೆ. ಆಂಗ್ಲದಲ್ಲಿ ಈ ಶಬ್ದದ ನಡುವೆ ‘ಎನ್’ ಎರಡು, ‘ಎಸ್’ ಎರಡು. ಅವುಗಳ ಮಧ್ಯೆ ‘ಓ’, ‘ಐ’ ಎಂಬ ಅಕ್ಷರಗಳು. ಇಂದಿನ ಫ್ರೆಂಚಿನಲ್ಲಾದರೋ ಅಲ್ಲಿರುವುದು ‘ಎ’, ‘ಐ’. ಕಲಿಯುವವರು ತಪ್ಪುವುದು ಇಲ್ಲಿಯೇ. ಶಬ್ದವು ಕಾಲುವೆಯನ್ನು ದಾಟಿ ಬಂದಾಗ ಫ್ರೆಂಚರೂ ‘ಓ’, ‘ಐ’ ಎಂದೇ ಬರೆಯುತ್ತಿದ್ದರು. ಉಚ್ಚಾರವು ಬದಲಾಗಿದ್ದುದರಿಂದ ಬರಹವೂ ಬದಲಾಗಬೇಕೆಂದು ವಾಲ್ಟೇರ್ ವಾದಿಸಿದ್ದನು. 1835ರ ನಿಘಂಟಿನಲ್ಲಿ ಫ್ರೆಂಚ್ ಅಕಾಡೆಮಿ ಆ ಬದಲಾವಣೆಯನ್ನು ಅಂಗೀಕರಿಸಿತು. ಹೀಗೆ, ತವರು ಕೈಬಿಟ್ಟ ರೂಪವನ್ನು ವಲಸೆಹೋದ ಶಬ್ದವು ಪರದೇಶದಲ್ಲಿ ಕಾಪಾಡಿಕೊಂಡಿತು. ಹೊರನಾಡಿನಲ್ಲಿ ನೆಲಸಿದವರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕನ್ನಡದ ಸಮಾನಪದದ ಮಾತು. ‘ಸಹೃದಯ’ ಎಂಬುದು ಮೊದಲು ನೆನಪಾಗುವುದು ಸಹಜ. ಅಭಿನವಗುಪ್ತನ ಮತದಲ್ಲಿ ಸಹೃದಯನಿಗೂ ಕಾವ್ಯದ ನಿರಂತರ ಅಭ್ಯಾಸ ಬೇಕು. ಆದರೆ ಆ ಅಭ್ಯಾಸದ ಫಲ ತನ್ಮಯತೆ. ಕಾನಸರನ ಅಭ್ಯಾಸದ ಫಲ ನಿರ್ಣಯ. ಒಬ್ಬನು ಕೃತಿಯೊಳಗೆ ಕರಗುತ್ತಾನೆ, ಇನ್ನೊಬ್ಬನು ಕೃತಿಯೆದುರು ನಿಂತು ಒರೆಗಲ್ಲನ್ನು ಹಿಡಿಯುತ್ತಾನೆ. ‘ತಜ್ಞ’ ಎಂದರೆ ಪಾಂಡಿತ್ಯವು ಬಂತು, ಸವಿ ಹೋಯಿತು. ‘ರತ್ನಪರೀಕ್ಷಕ’ನು ಬಹುಮಟ್ಟಿಗೆ ಸಮೀಪದವನಾದರೂ ಅವನ ವೃತ್ತಿ ಒಂದೇ ವಸ್ತುವಿಗೆ ಸೀಮಿತ. ಧಾತುವಿನ ಬಂಧುತ್ವವನ್ನೂ ಅರ್ಥದ ಸಾಮೀಪ್ಯವನ್ನೂ ಒಟ್ಟಿಗೆ ನೋಡಿದರೆ ‘ರಸಜ್ಞ’ವೇ ಹೆಚ್ಚು ಯೋಗ್ಯ, ಅದರಲ್ಲಿ ರಸವೂ ಉಂಟು, ಜ್ಞಾನವೂ ಉಂಟು.

ಆದರೂ ಅಚ್ಚಗನ್ನಡವು ಇದಕ್ಕಿಂತ ಚಿಕ್ಕದೊಂದು ಶಬ್ದವನ್ನು ತನ್ನಲ್ಲಿ ಇಟ್ಟುಕೊಂಡಿದೆ. ‘ಬಲ್ಲವನೇ ಬಲ್ಲ ಬೆಲ್ಲದ ಸವಿಯ’ ಎಂಬ ಗಾದೆಯಲ್ಲಿ ಬಲ್ಲವನೆಂದರೆ ಬೆಲ್ಲದ ವಿಚಾರವನ್ನು ಕೇಳಿ ತಿಳಿದವನಲ್ಲ. ಬಾಯಲ್ಲಿಟ್ಟು, ಒಂದರಿಂದೊಂದನ್ನು ಬೇರ್ಪಡಿಸಿ, ಇದು ಇಂಥದೆಂದು ಹೇಳಬಲ್ಲವನು. ‘ಬಲ್’ ಎಂಬ ಧಾತು ದ್ರಾವಿಡದ್ದು. ಲ್ಯಾಟಿನ್ನಿಗೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಆದರೆ ಫ್ರೆಂಚಿನ ಮೂಲಶಬ್ದದ ಅಕ್ಷರಾರ್ಥವೂ ‘ಬಲ್ಲವನು’ ಎಂದೇ. ಪ್ರಬಂಧದಲ್ಲಿ ‘ರಸಜ್ಞ’ನೆಂದೂ ಮಾತಿನಲ್ಲಿ ‘ಬಲ್ಲವ’ನೆಂದೂ ಬಳಸಿದರೆ ಅರ್ಥಕ್ಕೆ ಊನವಾಗದು, ಎರವಲಿನ ಅವಶ್ಯಕತೆಯೂ ಬಾರದು.