ಚೆಂಡು ಕಾಣದ ಪರದೆ

ಕ್ರಿಕೆಟ್ ಪಂದ್ಯವಿರುವ ದಿನ ಪೇಟೆಯ ಚಹದಂಗಡಿಗಳ ಮುಂದೆ ನೆರೆಯುವ ಗುಂಪನ್ನು ವಾಚಕರು ಕಂಡೇ ಇದ್ದಾರೆ. ಅಂಥ ಕೆಲವು ಅಂಗಡಿಗಳಲ್ಲಿ ಈಗಲೂ ಹಿಂಬದಿ ಉಬ್ಬಿದ ಹಳೆಯ ಟಿ.ವಿ. ಯಂತ್ರವೇ ಹಲಗೆಯ ಮೇಲೆ ಕುಳಿತಿರುತ್ತದೆ. ಹೊರಗೆ ನಿಂತವರಲ್ಲಿ ಒಬ್ಬರು ಮತ್ತೊಬ್ಬರನ್ನು ‘ಎಷ್ಟಾಯಿತು?’ ಎಂದು ಕೇಳುತ್ತಲೇ ಇರುತ್ತಾರೆ. ಆಟವು ಕಣ್ಣೆದುರಿಗೇ ನಡೆದಿರುವಾಗ ಓಟಗಳ ಸಂಖ್ಯೆಯನ್ನು ಬಾಯಿಮಾತಿನಿಂದ ತಿಳಿಯಬೇಕಾಗಿ ಬರುವುದು ಆ ಜನರ ದೃಷ್ಟಿದೋಷದಿಂದಲ್ಲ. ಪರದೆಯ ಮೂಲೆಯಲ್ಲಿ ಅಂಕೆಗಳನ್ನು ಬರೆಯತಕ್ಕವರು ಆ ಯಂತ್ರವನ್ನೂ ಅದರ ಮುಂದೆ ನಿಂತವರನ್ನೂ ಮನಸ್ಸಿನಲ್ಲಿಟ್ಟು ಬರೆಯಲಿಲ್ಲ, ಅಷ್ಟೆ. ಇಂಥ ವಿಷಯಕ್ಕೂ ಈ ಪುಟದಲ್ಲಿ ಸ್ಥಳ ಬೇಕೇ ಎಂದು ಹುಬ್ಬೇರಿಸುವ ಮಹಾಶಯರಿದ್ದರೆ, ಅವರು ತುಸು ತಾಳ್ಮೆಯಿಂದ ಮುಂದೆ ಓದಬೇಕೆಂದು ನಮ್ಮ ಪ್ರಾರ್ಥನೆ.

ಒಂದು ಕಾಲದಲ್ಲಿ ಪರದೆಯು ಬಡವಾಗಿತ್ತು. ಆಟವೇ ಅದಕ್ಕೆ ಹೊಂದಿಕೊಂಡು ವೇಷ ಬದಲಿಸುತ್ತಿತ್ತು. 1970ರ ಮೆಕ್ಸಿಕೋ ವಿಶ್ವಕಪ್ಪಿನಲ್ಲಿ ಬಳಸಿದ ‘ಟೆಲ್‌ಸ್ಟಾರ್’ ಎಂಬ ಕಾಲ್ಚೆಂಡಿಗೆ 12 ಕಪ್ಪು ತುಂಡುಗಳನ್ನೂ 20 ಬಿಳಿಯ ತುಂಡುಗಳನ್ನೂ ಹೊಲಿದದ್ದು, ಕಪ್ಪು ಬಿಳುಪಿನ ಪರದೆಯ ಮೇಲೆ ಅದು ಎದ್ದು ಕಾಣಲೆಂದೇ. ಟೆನ್ನಿಸಿನ ಬಿಳಿಯ ಚೆಂಡು ವರ್ಣಪ್ರಸಾರದಲ್ಲಿ ಸರಿಯಾಗಿ ಕಾಣದೆಂದು 1972ರಲ್ಲಿ ಹಳದಿಯ ಚೆಂಡಿಗೆ ಸಮ್ಮತಿ ದೊರೆಯಿತು. ಸಂಪ್ರದಾಯನಿಷ್ಠವಾದ ವಿಂಬಲ್ಡನ್ ಕೂಡ 1986ರಲ್ಲಿ ಮಣಿಯಿತು. ಕ್ರಿಕೆಟಿನಲ್ಲಿ ಕ್ಯಾಮೆರಾಗಳು ಮೈದಾನದ ಒಂದೇ ತುದಿಯಲ್ಲಿರುತ್ತಿದ್ದುದರಿಂದ ಒಂದು ಓವರು ಬಿಟ್ಟು ಒಂದು ಓವರಿನಲ್ಲಿ ವಿಕೆಟ್ ಕೀಪರನ ಬೆನ್ನಿನ ದರ್ಶನವಾಗುತ್ತಿತ್ತು. 1977ರಲ್ಲಿ ತನ್ನದೇ ಪಂದ್ಯಾವಳಿಯನ್ನು ಹೂಡಿದ ಆಸ್ಟ್ರೇಲಿಯದ ಕೆರಿ ಪ್ಯಾಕರ್ ಎರಡೂ ತುದಿಗಳಲ್ಲಿ ಕ್ಯಾಮೆರಾಗಳನ್ನು ನಿಲ್ಲಿಸಿ ಆ ಬೇಸರವನ್ನು ಕಳೆದನು. ಅವನ ಉದ್ದೇಶ ಲಾಭವೇ ಆಗಿರಬಹುದು, ಉಪಕಾರವಾದದ್ದು ನೋಡುವವನಿಗೆ.

ಎಲ್ಲ ಉಪಾಯಗಳೂ ಫಲಿಸಿದುವೆಂದಲ್ಲ. 1996ರಲ್ಲಿ ಅಮೆರಿಕದ ಫಾಕ್ಸ್ ಸಂಸ್ಥೆಯು ಐಸ್ ಹಾಕಿಯ ಕಪ್ಪು ಬಿಲ್ಲೆಯೊಳಗೆ ಸೂಕ್ಷ್ಮಯಂತ್ರವನ್ನು ಹುದುಗಿಸಿ, ಪರದೆಯ ಮೇಲೆ ಅದರ ಸುತ್ತ ನೀಲಿ ಪ್ರಭೆಯನ್ನೂ, ಅದು ವೇಗದಿಂದ ಹಾರಿದಾಗ ಕೆಂಪು ಬಾಲವನ್ನೂ ತೋರಿಸಿತು. ಆಟವನ್ನು ಬಲ್ಲ ಜನರು ನಕ್ಕರು. 1998ರೊಳಗೆ ಆ ಪ್ರಭಾವಳಿ ಮಾಯವಾಯಿತು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಹಾಕಿಗೆ ನೀಲಿಯ ಹಾಸನ್ನೂ ಹಳದಿಯ ಚೆಂಡನ್ನೂ ಬಳಸಿದ ಉಪಾಯವಾದರೋ ಚೆನ್ನಾಗಿ ಫಲಿಸಿತು. ಅಲ್ಲಿ ನಮ್ಮ ತಂಡವು ಹನ್ನೆರಡರಲ್ಲಿ ಹನ್ನೆರಡನೆಯದಾದುದು ಸಹ ಬಹು ಸ್ಪಷ್ಟವಾಗಿಯೇ ಕಾಣಿಸಿತು.

ಇನ್ನು ಲೆಕ್ಕಕ್ಕೆ ಬರೋಣ. ಹಳೆಯ ಬಗೆಯ ಚಿತ್ರದಲ್ಲಿ ಅಡ್ಡಗೆರೆಗಳು 625. ಅವುಗಳಲ್ಲಿ ಕಣ್ಣಿಗೆ ಬೀಳತಕ್ಕವು 576. ಅದೇ ಚಿತ್ರವನ್ನು ಡಿಜಿಟಲ್ ರೂಪಕ್ಕೆ ತಂದಾಗ ಒಂದೊಂದು ಗೆರೆಯಲ್ಲಿ 720 ಬಿಂದುಗಳು. ಹೈ ಡೆಫಿನಿಷನ್ ಎಂಬ ಹೊಸ ಬಗೆಯಲ್ಲಿ 1,080 ಗೆರೆಗಳು, ಗೆರೆಗೆ 1,920 ಬಿಂದುಗಳು. ಗುಣಿಸಿ ನೋಡಿದರೆ ಸರಿಯಾಗಿ ಐದು ಪಟ್ಟು. ಕ್ಯಾಮೆರಾವು ಮೈದಾನದ 60 ಮೀಟರ್ ಅಗಲವನ್ನು ಒಮ್ಮೆಗೇ ತೋರಿಸುತ್ತಿದೆಯೆಂದು ಭಾವಿಸಿದರೆ, ಹಳೆಯ ಚಿತ್ರದ ಒಂದು ಬಿಂದುವು 8 ಸೆಂಟಿಮೀಟರಿಗಿಂತ ಹೆಚ್ಚು ಜಾಗವನ್ನು ನುಂಗುತ್ತದೆ. ಕ್ರಿಕೆಟ್ ಚೆಂಡಿನ ಅಡ್ಡಳತೆಯೋ ಸುಮಾರು 7 ಸೆಂಟಿಮೀಟರ್. ಎಂದರೆ ಚೆಂಡಿಗೆ ಒಂದು ಪೂರ್ಣ ಬಿಂದುವಿನ ಭಾಗ್ಯವೂ ಇಲ್ಲ! ಹೊಸ ಚಿತ್ರದಲ್ಲಿ ಅದಕ್ಕೆ ಎರಡು ಬಿಂದುಗಳಿಗಿಂತ ತುಸು ಹೆಚ್ಚು ದೊರೆಯುವುದು.

1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ವೆಂಕಟೇಶ್ ಪ್ರಸಾದರು ಆಮಿರ್ ಸೊಹೈಲರ ಸ್ಟಂಪನ್ನು ಉರುಳಿಸಿದುದನ್ನೂ, 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಅನಿಲ್ ಕುಂಬ್ಳೆಯವರು 74 ಓಟಗಳಿಗೆ ಹತ್ತೂ ವಿಕೆಟ್ಟುಗಳನ್ನು ಕಿತ್ತುದನ್ನೂ ಕನ್ನಡಿಗರು ಈ ಬಡ ಬಿಂದುಗಳಲ್ಲಿಯೇ ಕಂಡು ಸಂತೋಷಪಟ್ಟರು. ಕಂಡೆವೆಂದು ನಾವು ಹೇಳಿಕೊಳ್ಳುವುದರಲ್ಲಿ ಅರ್ಧದಷ್ಟು ಕೇಳಿದ್ದೇ ಎಂಬುದನ್ನು ಒಪ್ಪಬೇಕು. ಚೆಂಡು ಮಾಯವಾದಲ್ಲೆಲ್ಲ ವೀಕ್ಷಕ ವಿವರಣೆಕಾರನ ಕಂಠವೂ ಮೈದಾನದ ಕೂಗೂ ಅದನ್ನು ಹುಡುಕಿಕೊಡುತ್ತಿದ್ದುವು.

ಹೊಸ ಪರದೆಯು ಸಕಲ ರೋಗಗಳಿಗೂ ಔಷಧವೆಂದು ನಂಬಿಸುವ ವ್ಯಾಪಾರಿಗಳ ಮಾತನ್ನೂ ಪೂರ್ಣವಾಗಿ ಒಪ್ಪಲಾಗದು. ಗಂಟೆಗೆ 140 ಕಿಲೋಮೀಟರ್ ವೇಗದ ಎಸೆತವು ಸೆಕೆಂಡಿನ ಐವತ್ತನೆಯ ಒಂದು ಭಾಗದಲ್ಲಿ ಮುಕ್ಕಾಲು ಮೀಟರಿಗಿಂತ ಹೆಚ್ಚು ಮುಂದೆ ಸರಿಯುತ್ತದೆ. ನಮ್ಮಲ್ಲಿ ಹಳೆಯ ಪ್ರಸಾರವೂ ಸಾಮಾನ್ಯವಾದ ಹೈ ಡೆಫಿನಿಷನ್ ಪ್ರಸಾರವೂ ಸೆಕೆಂಡಿಗೆ ಐವತ್ತು ಅರೆಚಿತ್ರಗಳನ್ನೇ ಕಳುಹಿಸುತ್ತವೆ. ಗೆರೆಗಳು ಹೆಚ್ಚಿದುವು, ಕ್ಷಣಗಳು ಹೆಚ್ಚಲಿಲ್ಲ. ಅಷ್ಟೇ ಅಲ್ಲ, ದೊಡ್ಡ ಪರದೆಯನ್ನು ಕೊಂಡು ತಂದ ಗೃಹಸ್ಥನು ಹೈ ಡೆಫಿನಿಷನ್ ಚಾನೆಲ್ಲಿಗೆ ಬೇರೆ ಹಣ ತೆರದೆ ಹೋದರೆ, ಹಳೆಯ ಚಿತ್ರವನ್ನೇ ಹಿಗ್ಗಿಸಿ ನೋಡಬೇಕಾಗುತ್ತದೆ, ಹಿಗ್ಗಿಸಿದಾಗ ಅದರ ಕಲೆಗಳೂ ಹಿಗ್ಗುತ್ತವೆ. ಇಂಟರ್ನೆಟ್ಟಿನ ಮೂಲಕ ನೋಡುವವನಿಗೆ ಚಿತ್ರವು ತಡವಾಗಿ ಬರುವುದರಿಂದ, ಪಕ್ಕದ ಮನೆಯವರ ಚಪ್ಪಾಳೆ ಮೊದಲು, ಸಿಕ್ಸರು ಆಮೇಲೆ.

ಆದರೆ ಇವು ಉಳ್ಳವರ ಕಿರುಕುಳಗಳು. ಹಳೆಯ ಪರದೆಯವನ ಕಷ್ಟವೇ ಬೇರೆ. ಈಗ ಪಂದ್ಯಗಳನ್ನು ಚಿತ್ರಿಸುವುದು ಹದಿನಾರಕ್ಕೆ ಒಂಬತ್ತರ ಅಗಲ ಚೌಕಟ್ಟಿಗಾಗಿ. ಹಳೆಯ ಯಂತ್ರದ ಚೌಕಟ್ಟು ನಾಲ್ಕಕ್ಕೆ ಮೂರರದು. ಅದರಲ್ಲಿ ಚಿತ್ರವನ್ನು ತುಂಬಿಸಹೊರಟರೆ ಅಗಲದ ಕಾಲುಭಾಗ ಕತ್ತರಿಸಿ ಹೋಗುತ್ತದೆ, ಅದರೊಡನೆ ಮೂಲೆಯಲ್ಲಿ ಬರೆದ ಅಂಕೆಗಳೂ ಹೋಗಬಹುದು. ಕತ್ತರಿಸದೆ ಕೂರಿಸಿದರೆ ಮೇಲೆ ಕೆಳಗೆ ಕಪ್ಪು ಪಟ್ಟಿಗಳು ಬಂದು, 576 ಗೆರೆಗಳಲ್ಲಿ 432 ಮಾತ್ರವೇ ಆಟಕ್ಕೆ ಉಳಿಯುತ್ತವೆ. ಆ ಉಳಿದುದರಲ್ಲಿ, ದೊಡ್ಡ ಪರದೆಗಾಗಿ ಬರೆದ ಸಣ್ಣ ಅಕ್ಷರಗಳು ಇರುವೆ ಸಾಲಿನಂತೆ ತೋರುತ್ತವೆ. ಹಿಂದೆ ಬಡ ಪರದೆಗೆಂದು ಚೆಂಡಿನ ಬಣ್ಣವನ್ನೇ ಬದಲಿಸಿದವರ ಉತ್ತರಾಧಿಕಾರಿಗಳಿಗೆ, ಈಗ ಅಂಕೆಗಳನ್ನು ಒಂದಿಷ್ಟು ದಪ್ಪಗೆ ಬರೆಯುವುದೂ ಭಾರವಾಗಿದೆ.

ಇಲ್ಲಿಯೇ ಸರಕಾರದ ಸಂಬಂಧ ಬರುವುದು. ರಾಷ್ಟ್ರೀಯ ಮಹತ್ವದ್ದೆಂದು ಗೊತ್ತುಪಡಿಸಿದ ಪಂದ್ಯಗಳ ಪ್ರಸಾರಸಂಕೇತವನ್ನು ಖಾಸಗಿ ಸಂಸ್ಥೆಗಳು ಪ್ರಸಾರ ಭಾರತಿಗೆ ಕೊಡತಕ್ಕದ್ದೆಂದು 2007ರ ಕಾಯಿದೆಯು ವಿಧಿಸಿದೆ. ಹಣ ತೆರಲಾರದ ಅತ್ಯಧಿಕ ಸಂಖ್ಯೆಯ ಜನರಿಗೂ ಆಟವು ಉಚಿತವಾಗಿ ತಲುಪಲೆಂಬುದೇ ಅದರ ಉದ್ದೇಶ. ಈ ಸಂಕೇತವನ್ನು ಪ್ರಸಾರ ಭಾರತಿಯು ತನ್ನ ಭೂಪ್ರಸಾರದಲ್ಲಿಯೂ ಉಚಿತ ಡಿಶ್ಶಿನಲ್ಲಿಯೂ ಮಾತ್ರ ಬಳಸಬಹುದು, ಖಾಸಗಿ ಕೇಬಲ್ಲಿನವರಿಗೆ ಹಂಚಲಾಗದು ಎಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪಿತ್ತಿತು. ಹಕ್ಕಿಗೆ ಕೋಟಿಗಟ್ಟಲೆ ಸುರಿದವರ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಕಾಯಿದೆಯ ಫಲ ಸಾರ್ಥಕವಾಗಬೇಕಾದರೆ ಸಂಕೇತ ತಲುಪಿದರೆ ಸಾಲದು, ಚೆಂಡು ಕಾಣಬೇಕು, ಅಂಕೆಗಳು ಓದಿಸಿಕೊಳ್ಳಬೇಕು.

ಇದಕ್ಕೆ ಬೊಕ್ಕಸವನ್ನು ಬರಿದು ಮಾಡಬೇಕಾಗಿಲ್ಲ. 2010ರ ಕಾಮನ್‌ವೆಲ್ತ್ ಕ್ರೀಡೆಗಳನ್ನು ಹೈ ಡೆಫಿನಿಷನ್ನಿನಲ್ಲಿ ತೋರಿಸಿದ ದೂರದರ್ಶನಕ್ಕೆ ಕೌಶಲದ ಕೊರತೆಯೂ ಇಲ್ಲ. ಹಳೆಯ ಪರದೆಗಳಿಗೆ ಹೋಗುವ ಪ್ರಸಾರದಲ್ಲಿ ಅಂಕೆಗಳನ್ನು ಬೇರೆಯಾಗಿ, ದೊಡ್ಡದಾಗಿ, ಅಂಚಿನಿಂದ ಒಳಕ್ಕೆ ಬರೆದು ಕಳುಹಿಸುವುದು ಒಬ್ಬಿಬ್ಬರ ಕೈಕೆಲಸ. ಪ್ರಾದೇಶಿಕ ಪ್ರಸಾರವಿರುವಲ್ಲಿ ಅವನ್ನು ಆಯಾ ಪ್ರಾಂತದ ಲಿಪಿಯಲ್ಲಿಯೂ ಬರೆಯಬಹುದು. ಹಳೆಯ ಡಿಶ್ ಪೆಟ್ಟಿಗೆಯನ್ನು ಕೊಟ್ಟು ಹೊಸದನ್ನು ಅಲ್ಪ ಬೆಲೆಗೆ ಪಡೆಯುವ ಏರ್ಪಾಡನ್ನು, ಮುಂದಿನ ವಿಶ್ವಕಪ್ಪು ಬರುವ ಮೊದಲೇ, ಅಂಚೆಕಚೇರಿಗಳ ಮೂಲಕ ಮಾಡಬಹುದು. ಸಂಬಂಧಪಟ್ಟ ಅಧಿಕಾರಿಗಳು ಒಂದು ಪಂದ್ಯದ ದಿನ ತಮ್ಮ ಮನೆಯ ದೊಡ್ಡ ಪರದೆಯನ್ನು ಬಿಟ್ಟು ಚಹದಂಗಡಿಯ ಮುಂದೆ ಹತ್ತು ಓವರುಗಳಷ್ಟು ಹೊತ್ತು ನಿಂತು ನೋಡಲಿ; ಬೇರೆ ವರದಿಯನ್ನು ಯಾರೂ ಸಲ್ಲಿಸಬೇಕಾಗಿಲ್ಲ.