ಸೊಪ್ಪಿನ ಸೀಮೆಯ ಮಕ್ಕಳು

ಮುಂಗಾರಿಗೆ ಮುಂಚಿನ ಮಳೆ ಬಿದ್ದೊಡನೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರದ ಹೊಲಗಳಲ್ಲಿ ಹೊಗೆಸೊಪ್ಪಿನ ಸಸಿ ನಾಟಿಯಾಗುತ್ತದೆ. ಜುಲೈ ಬಂತೆಂದರೆ ಎಲೆ ಮುರಿಯುವ ಕೆಲಸ, ಅದರ ಬೆನ್ನಿಗೇ ಸೊಪ್ಪು ಒಣಗಿಸುವ ಮನೆಗೆ, ಅಂದರೆ ಬ್ಯಾರನ್ನಿಗೆ, ಬೆಂಕಿ. ಒಮ್ಮೆ ತುಂಬಿದ ಸೊಪ್ಪು ಹದವಾಗಲು ಐದಾರು ದಿನ ಹಿಡಿಯುತ್ತದೆ. ಅಷ್ಟೂ ರಾತ್ರಿ ಯಾರಾದರೊಬ್ಬರು ಉರಿ ನೋಡಿಕೊಂಡು ಎಚ್ಚರವಿರಬೇಕು. ಅಪ್ಪ ಒಲೆಯ ಬಾಯಲ್ಲಿ, ಅಮ್ಮ ಕಡ್ಡಿಗೆ ಸೊಪ್ಪು ಕಟ್ಟುವಲ್ಲಿ, ಅಜ್ಜಿಯೂ ಅಲ್ಲೇ. ಮಗುವೂ ಸೊಪ್ಪಿನ ರಾಶಿಯ ಪಕ್ಕದಲ್ಲೇ ಆಡಿಕೊಂಡಿರುತ್ತದೆ. ಮಕ್ಕಳ ಸುರಕ್ಷತೆಯ ಪುಸ್ತಕಗಳಲ್ಲಿ ಬಾಲ್ಕನಿ, ಲಿಫ್ಟು, ಕಾರಿನ ಸೀಟಿನ ಮಾತು ಸಾಕಷ್ಟಿದೆ. ಇಲ್ಲಿನ ಹೊಲ, ಹೊಂಡ, ಬ್ಯಾರನ್ನುಗಳ ಮಾತು ಕಡಿಮೆ. ಆದ್ದರಿಂದ ಈ ಅಧ್ಯಾಯ ಅವಕ್ಕೇ ಮೀಸಲು.

ಮೊದಲು ಎಲೆಯ ವಿಷಯ. ಹಸಿ ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ನೀರಿನಲ್ಲಿ ಕರಗುತ್ತದೆ. ಇಬ್ಬನಿಯಲ್ಲೋ ಮಳೆಯಲ್ಲೋ ನೆನೆದ ಎಲೆ ಮೈಗೆ ತಾಗಿದರೆ ಆ ನೀರಿನೊಂದಿಗೆ ನಿಕೋಟಿನ್ ಚರ್ಮದ ಮೂಲಕ ರಕ್ತ ಸೇರುತ್ತದೆ. ಕೆಲವು ಗಂಟೆಗಳಲ್ಲಿ ತಲೆ ಸುತ್ತು, ವಾಕರಿಕೆ, ವಾಂತಿ, ಬೆವರು, ತಲೆನೋವು. ವೈದ್ಯರು ಇದನ್ನು ಹಸಿರು ತಂಬಾಕು ಕಾಯಿಲೆ ಎನ್ನುತ್ತಾರೆ. ದೊಡ್ಡವರಲ್ಲಿ ಇದು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ಮಗುವಿನ ತೂಕ ಕಡಿಮೆ, ಆದ್ದರಿಂದ ಅಷ್ಟೇ ನಿಕೋಟಿನ್ ಅದನ್ನು ಹೆಚ್ಚು ಕಾಡುತ್ತದೆ. ಶಾಲೆಗೆ ಮುಂಚೆ ಒಂದು ಸಾಲು ಮುರಿದುಕೊಟ್ಟು ಹೋಗಲಿ ಎಂದು ಬೆಳಗಿನ ಇಬ್ಬನಿಯಲ್ಲಿ ಮಕ್ಕಳನ್ನು ಹೊಲಕ್ಕೆ ಇಳಿಸುವುದು ಇದೇ ಕಾರಣಕ್ಕೆ ತಪ್ಪು. ವಾಂತಿ ಮಾಡಿಕೊಂಡ ಮಗುವನ್ನು ಕಂಡು ಬಿಸಿಲು ಹೊಡೆದಿದೆ, ದೃಷ್ಟಿಯಾಗಿದೆ ಎನ್ನುವ ಮೊದಲು ಅದರ ಬಟ್ಟೆ ಬಿಚ್ಚಿ, ಸೋಪು ಹಚ್ಚಿ ಮೈ ತೊಳೆಯಿರಿ, ಆಮೇಲೆ ಆಸ್ಪತ್ರೆಗೆ ತೋರಿಸಿ. ಹೊಲದಿಂದ ಬಂದ ತಂದೆ-ತಾಯಿಯೂ ಅಷ್ಟೆ: ಕೈ ತೊಳೆದು, ಅಂಗಿ ಬದಲಿಸಿ, ಆಮೇಲೆ ಕೂಸನ್ನು ಎತ್ತಿಕೊಳ್ಳಬೇಕು. ಅಂಬೆಗಾಲಿನ ಮಗು ಸೊಪ್ಪಿನ ತುಂಡು ನುಂಗಿದ್ದರೆ ಕಾಯುವ ಮಾತೇ ಇಲ್ಲ.

ಸೊಪ್ಪಿಗೆ ಹೊಡೆಯುವ ಔಷಧಿಯದು ಇನ್ನೂ ದೊಡ್ಡ ಅಪಾಯ. ಉಳಿದ ಔಷಧಿಯನ್ನು ಜ್ಯೂಸಿನ ಬಾಟಲಿಗೆ ಸುರಿದು ಜಗಲಿ ಮೂಲೆಯಲ್ಲಿಡುವ ಅಭ್ಯಾಸ ಇಂದೇ ನಿಲ್ಲಲಿ. ಬಾಯಾರಿದ ಮೂರು ವರ್ಷದ ಮಗುವಿಗೆ ಬಾಟಲಿ ಗೊತ್ತು, ಚೀಟಿ ಓದಲು ಗೊತ್ತಿಲ್ಲ. ಕುಡಿದಿದ್ದರೆ ಉಪ್ಪುನೀರು, ಸೋಪಿನ ನೀರು ಕುಡಿಸಿ ಕಕ್ಕಿಸಲು ಹೋಗಬೇಡಿ. ಸೀಮೆಎಣ್ಣೆ ಕುಡಿದಾಗಲೂ ಹಾಗೆ ಮಾಡಬಾರದು, ಕಕ್ಕುವಾಗ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗುವಿನೊಂದಿಗೆ ಆ ಡಬ್ಬಿಯನ್ನೂ ಒಯ್ಯಿರಿ. ಜೊಲ್ಲು ಸುರಿಯುತ್ತಿದೆ, ಮೈ ಬೆವರುತ್ತಿದೆ, ಕಣ್ಣಿನ ಪಾಪೆ ಚುಕ್ಕಿಯಷ್ಟಾಗಿದೆ ಎಂದರೆ ಅದು ಕೆಲವು ಜಾತಿಯ ಕೀಟನಾಶಕಗಳ ಗುರುತು. ಅದಕ್ಕೆ ಅಟ್ರೋಪಿನ್ ಎಂಬ ಮದ್ದಿದೆ, ಆದರೆ ಹೊತ್ತು ಮೀರಿದರೆ ಮದ್ದೂ ಕೆಲಸ ಮಾಡುವುದಿಲ್ಲ.

ಬ್ಯಾರನ್ನಿನ ಒಳಗಿನ ಶಾಖ ಕೊನೆಕೊನೆಗೆ 70 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತದೆ. ಒಲೆಬಾಯಿಯೂ ಕಬ್ಬಿಣದ ಕೊಳವೆಗಳೂ ಅದಕ್ಕಿಂತ ಬಿಸಿ. ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಹರಿಸಿ, ಶುದ್ಧ ಬಟ್ಟೆ ಮುಚ್ಚಿ ಹೊರಡಿ. ಟೂತ್‌ಪೇಸ್ಟು, ಅರಿಸಿನ, ಶಾಯಿ, ಐಸು ಯಾವುದೂ ಬೇಡ. ಹೊಗೆಯಿಂದ ಮಕ್ಕಳಿಗೆ ಕೆಮ್ಮು ಹತ್ತುವುದೂ ಇದೇ ತಿಂಗಳುಗಳಲ್ಲಿ, ಆಗ ಅಂಗಡಿಯ ಸಿರಪ್ಪಿಗೆ ಕೈ ಹೋಗುತ್ತದೆ. ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಸಿರಪ್ಪು ಕುಡಿದು ಮಕ್ಕಳು ಸತ್ತ ನಂತರ, 2025ರ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿಯ ಔಷಧಿ ಕೊಡಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಸೂಚಿಸಿತು. ಕೆಮ್ಮಿಗಿಂತ ಉಸಿರನ್ನು ನೋಡಿ. ಮಗು ಸುಮ್ಮನಿರುವಾಗ ಒಂದು ನಿಮಿಷ ಎಣಿಸಿ: ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ನ್ಯುಮೋನಿಯಾ ಇರಬಹುದು. ಪಕ್ಕೆಯ ಕೆಳಗೆ ಎದೆ ಒಳಕ್ಕೆ ಸೆಳೆಯುತ್ತಿದ್ದರೆ ಅದೇ ರಾತ್ರಿ ಹೊರಡಬೇಕು.

ಮಳೆಗಾಲದ ಭೇದಿಗೆ ಒಂದು ಪೊಟ್ಟಣ ಓಆರ್‌ಎಸ್, ಒಂದು ಲೀಟರ್ ನೀರು, ಜೊತೆಗೆ 14 ದಿನ ಜಿಂಕ್ ಮಾತ್ರೆ. ಇದು ಆಶಾ ಕಾರ್ಯಕರ್ತೆಯ ಚೀಲದಲ್ಲೇ ಇರುತ್ತದೆ. ಹೊಸ ಕೂಸಿಗೆ ಮೊದಲು ಜೇನು ನೆಕ್ಕಿಸುವ ರೂಢಿ ಕಾಡಿನಂಚಿನ ಊರುಗಳಲ್ಲೂ ಪೇಟೆಯಲ್ಲೂ ಇದೆ. ವರ್ಷ ತುಂಬುವವರೆಗೆ ಜೇನು ಬೇಡ, ಅದರಿಂದ ಬೊಟುಲಿಸಂ ಎಂಬ ಕಾಯಿಲೆ ಬರಬಹುದು.

ಹಾವಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕಟ್ಟುಹಾವು ರಾತ್ರಿ ಸಂಚರಿಸುವಂಥದ್ದು, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು ಕಡಿಮೆ, ಕೆಲವೊಮ್ಮೆ ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಮಗು ಹೊಟ್ಟೆನೋವೆಂದು ಏಳುತ್ತದೆ; ರೆಪ್ಪೆ ಇಳಿಬೀಳುತ್ತದೆ, ಉಗುಳು ನುಂಗಲಾಗುವುದಿಲ್ಲ, ಮಾತು ತೊದಲುತ್ತದೆ. ಇದನ್ನು ಗಾಳಿ ಸೋಕಿದ್ದೆಂದು ಮಂತ್ರ ಹಾಕಿಸಲು ಕರೆದೊಯ್ದರೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಕೈಕಾಲು ಅಲುಗದಂತೆ ಇಟ್ಟು ಹೊತ್ತುಕೊಂಡು ಹೋಗಿ. ವಿಷಕ್ಕೆ ಕೊಡುವ ಮದ್ದಿನ ಪ್ರಮಾಣ ಮಗುವಿಗೂ ದೊಡ್ಡವರಿಗೂ ಒಂದೇ, ಏಕೆಂದರೆ ಹಾವು ಮಗುವಿಗೆಂದು ಕಡಿಮೆ ವಿಷ ಬಿಡುವುದಿಲ್ಲ. ಹಾವು ಕಡಿತದ ಪ್ರತಿ ಪ್ರಕರಣವೂ ವರದಿಯಾಗಬೇಕೆಂದು ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲೇ ನಿಯಮ ಮಾಡಿದೆ. ನೇರ ಮೈಸೂರಿಗೇ ಹೋಗೋಣ ಎಂದು ತಾಲ್ಲೂಕು ಆಸ್ಪತ್ರೆಯನ್ನು ದಾಟಿ ಹೋಗುವುದು ನಾನು ಕಂಡಂತೆ ದೊಡ್ಡ ತಪ್ಪು. ಹುಣಸೂರಿನಿಂದ ಮೈಸೂರು ಸುಮಾರು 45 ಕಿಲೋಮೀಟರ್. ಮೊದಲ ಮದ್ದು ಹುಣಸೂರಲ್ಲೇ ಹೋಗಲಿ, ಮೈಸೂರಿನ ಚೆಲುವಾಂಬ ಆಸ್ಪತ್ರೆ ಆಮೇಲೆ. ಮಲಗುವಾಗ ಮಂಚ, ಹಾಸಿಗೆಯಡಿಗೆ ಸಿಕ್ಕಿಸಿದ ಸೊಳ್ಳೆಪರದೆ: ಕಟ್ಟುಹಾವಿಗೆ ಇದಕ್ಕಿಂತ ಒಳ್ಳೆಯ ತಡೆ ಇಲ್ಲ.

ಕಾಡಂಚಿನ ಆದಿವಾಸಿ ಹಾಡಿಗಳ ಜೇನುಕುರುಬ, ಕಾಡುಕುರುಬ, ಯರವ ಮಕ್ಕಳಲ್ಲಿ ಮತ್ತೆಮತ್ತೆ ಮೈಕೈ ನೋವು, ಬಿಳಿಚಿಕೊಂಡ ಮುಖ ಕಂಡರೆ ಕುಡಗೋಲು ಕಣ ರಕ್ತಹೀನತೆಯ ಪರೀಕ್ಷೆ ಮಾಡಿಸಿ. 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನ ಆಸ್ಪತ್ರೆ ಸರಗೂರಿನಲ್ಲಿದೆ. ಹಾಡಿಯ ಜನರ ನಡುವೆಯೂ ಆ ಸಂಸ್ಥೆ ಕೆಲಸ ಮಾಡುತ್ತದೆ.

ಕೊನೆಗೆ ನೀರು. ಕೃಷ್ಣರಾಜನಗರದ ಕಾವೇರಿ ನಾಲೆಗಳು, ಹುಣಸೂರಿನ ಲಕ್ಷ್ಮಣತೀರ್ಥ, ಹೆಗ್ಗಡದೇವನಕೋಟೆಯ ಕಬಿನಿ ಹಿನ್ನೀರು ಕಣ್ಣಿಗೆ ಕಾಣುವ ಅಪಾಯ. ಹೊಲದ ನಡುವಿನ ಕೃಷಿ ಹೊಂಡ ಕಾಣದ್ದು. ಪ್ಲಾಸ್ಟಿಕ್ ಹಾಳೆ ಹೊದಿಸಿದ ಅದರ ಗೋಡೆ ಜಾರುತ್ತದೆ, ಈಜು ಬಲ್ಲವರೂ ಹತ್ತಿ ಬರಲಾರರು. ಸುತ್ತ ಬೇಲಿ ಹಾಕಿ, ನಾಲ್ಕು ಕಡೆ ಗಂಟು ಹಾಕಿದ ಹಗ್ಗ ಇಳಿಬಿಡಿ. ಮುಳುಗಿದ ಮಗುವನ್ನು ತಲೆಕೆಳಗು ಮಾಡಿ ನೀರು ಕಕ್ಕಿಸುವುದರಲ್ಲಿ ಹೊತ್ತು ಕಳೆಯಬೇಡಿ. ಉಸಿರಿಲ್ಲದಿದ್ದರೆ ಮೊದಲು ಬಾಯಿಂದ ಉಸಿರು ಊದಿ, ನಂತರ ಎದೆ ಒತ್ತಿ, ಒಬ್ಬರು 108ಕ್ಕೆ ಕರೆ ಮಾಡಲಿ.

ಬಾಂಗ್ಲಾದೇಶದ ಹಳ್ಳಿಗಳಲ್ಲಿ ‘ಆಂಚಲ್’ ಎಂಬ ಏರ್ಪಾಡಿದೆ. ದೊಡ್ಡವರು ಕೆಲಸದಲ್ಲಿರುವ ಬೆಳಗಿನ ಹೊತ್ತು, ಊರಿನ ಒಬ್ಬ ಹೆಂಗಸು ಐದು ವರ್ಷದೊಳಗಿನ ಮಕ್ಕಳನ್ನೆಲ್ಲ ಒಂದೆಡೆ ನೋಡಿಕೊಳ್ಳುತ್ತಾಳೆ. ಹಾಗೆ ಕಾವಲಿದ್ದ ಮಕ್ಕಳಲ್ಲಿ ಮುಳುಗಿ ಸಾಯುವುದು ಬಹಳ ಇಳಿಯಿತು. ನಮ್ಮಲ್ಲಿ ಮೂರು ವರ್ಷದ ಮೇಲಿನವರಿಗೆ ಅಂಗನವಾಡಿ ಇದೆ, ಅದಕ್ಕಿಂತ ಚಿಕ್ಕವರಿಗೆ ಗ್ರಾಮ ಪಂಚಾಯಿತಿಯ ‘ಕೂಸಿನ ಮನೆ’ ಇದ್ದರೂ ಅದು ಎಲ್ಲ ಊರಲ್ಲೂ ಇಲ್ಲ. ಈ ವರ್ಷ ಬ್ಯಾರನ್ ಹಚ್ಚುವ ಮುಂಚೆ ನಾಲ್ಕೈದು ಮನೆಯವರು ಸೇರಿ ಮಾತಾಡಿ. ಮಕ್ಕಳ ಕಾವಲಿಗೆಂದೇ ಒಬ್ಬರನ್ನು ಗೊತ್ತುಮಾಡಿ, ಎಲೆ ಮುರಿಯುವವರಿಗೆ ಕೊಡುವಷ್ಟೇ ಕೂಲಿಯನ್ನು ಅವರಿಗೂ ಕೊಡಿ.